ಅಳೆಯುವ ಮೊದಲೇ ಎಳೆದ ಮರಳು

ನಮ್ಮ ಕಾಲೇಜು ಮೈದಾನದ ಜಿಗಿತದ ಗುಂಡಿಯಲ್ಲಿ ಮರಳು ಎಳೆದು ಸಮ ಮಾಡುವುದು ನನ್ನ ಕೆಲಸ. ನಮ್ಮವರು ತೀರಿಕೊಂಡ ಮೇಲೆ ಅವರು ಮರಳು ಎಳೆಯುತ್ತಿದ್ದ ಹಲುಬೆ ನನ್ನ ಕೈಗೆ ಬಂತು. ಮೈದಾನದಲ್ಲಿ ಎಲ್ಲರಿಗೂ ನಾನು ಚೇಡತ್ತಿ, ಅಂದರೆ ಅಕ್ಕ. ಬಿನ್ಸಿ ಇಲ್ಲಿಗೆ ಓದಲು ಬಂದಾಗ ಅವಳಿಗೆ ಹದಿನೆಂಟು ವರ್ಷ, ಮನೆಯವರು ಗುಡ್ಡದ ಮೇಲೆ ರಬ್ಬರ್ ಹಾಲು ಇಳಿಸುವವರು. ಅವಳದು ಟ್ರಿಪಲ್ ಜಂಪ್. ಒಲಿಂಪಿಕ್ಸ್‌ಗೆ ಬೇಕಾದ ಅಳತೆಗೆ ಸರಿಯಾಗಿ ಅವಳ ತರಬೇತುದಾರ ತೊಮ್ಮಚ್ಚನ್ ಸಾರ್ ಗುಂಡಿಯ ಅಂಚಿನಲ್ಲಿ ಒಂದು ಕೆಂಪು ಕಲ್ಲು ಇಟ್ಟರು. ನಾಲ್ಕು ವರ್ಷ ಅವಳು ಹಾರಿದಳು. ಸಾರ್ ಕಲ್ಲು ನೋಡಿ, "ಎಳೀರಿ ಚೇಡತ್ತಿ" ಅನ್ನುತ್ತಿದ್ದರು, ನಾನು ಎಳೆಯುತ್ತಿದ್ದೆ. ದಿನಕ್ಕೆ ನಲವತ್ತು ಸಲ.

ಅಳತೆ ಮುಟ್ಟಲು ಉಳಿದಿದ್ದ ಕೊನೆಯ ಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಐದು ಜಿಗಿತ ಕಲ್ಲಿಗಿಂತ ಈಚೆಗೇ ಬಿದ್ದವು. ಕೊನೆಯದಾದ ಆರನೆಯದು ಕಲ್ಲು ದಾಟಿತು. ಜಿಗಿತ ಸರಿ ಅಂತ ಬಿಳಿ ಬಾವುಟ ಎದ್ದಿತು. ಅವಳು ಮರಳಿನಿಂದ ಹೊರಗೆ ಬಂದದ್ದೇ ತಡ, ನಾನು ಎಳೆದುಬಿಟ್ಟೆ.

ಟೇಪು ಹಿಡಿದು ಬಂದವರು ಬಗ್ಗಿ ನೋಡಿದರು. "ಬಿದ್ದ ಗುರುತು ಎಲ್ಲಿ ಅಮ್ಮಾ?"

ನಾನು ಕೈಯಲ್ಲಿದ್ದ ಹಲುಬೆ ತೋರಿಸಿದೆ.

"ಎಳೀರಿ ಎಳೀರಿ ಅಂತ ರೂಢಿ ಮಾಡ್ಸಿದ್ದು ನಾನೇ," ಅಂದರು ಸಾರ್. "ಅವರನ್ನ ಏನೂ ಅನ್ಬೇಡಿ."

"ಹುಡುಗಿ ತಪ್ಪಿಲ್ಲ. ಇನ್ನೊಂದು ಹಾರ್ಲಿ," ಅಂದರು ಟೇಪಿನವರು.

ಬಿನ್ಸಿ ಕೂತು ಮೊಣಕಾಲಿನ ಪಟ್ಟಿ ಬಿಗಿಯುತ್ತಿದ್ದಳು.

"ಬೈದುಬಿಡು ಮೋಳೇ, ನನ್ನ ಮಗಳೇ," ಅಂದೆ.

"ಅದಕ್ಕೂ ತ್ರಾಣ ಇಲ್ಲ ಚೇಡತ್ತಿ. ಈ ಕಾಲು ನಂದೇ ಅಂತ ಅನ್ನಿಸ್ತಿಲ್ಲ."

ನಾನು ಹಲುಬೆಯನ್ನು ನೆಲಕ್ಕಿಟ್ಟು ಅದರ ಹಿಡಿಯನ್ನು ಮೆಟ್ಟಿ ನಿಂತೆ. ಅವಳು ಓಡಿ ಬಂದು ಹಾರಿದಳು, ಕಲ್ಲಿನ ಪಕ್ಕಕ್ಕೇ ಬಿದ್ದಳು, ಅಲ್ಲೇ ಕೂತಳು. ಅಳೆದರು. ಬೇಕಾದದ್ದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು. ಸಾರ್ ಹುಲ್ಲಿನ ಮೇಲೆ ಮಲಗಿಬಿಟ್ಟರು.

ಒಲಿಂಪಿಕ್ಸ್‌ನಲ್ಲಿ ಅವಳಿಗೆ ಸಿಕ್ಕಿದ್ದು ಮೂರು ಜಿಗಿತ. ಎರಡರಲ್ಲಿ ಚಿಮ್ಮುವಾಗ ಕಾಲು ಗೆರೆ ದಾಟಿ ಫೌಲ್ ಆಯಿತು, ಒಂದು ಸಾಲದಾಯಿತು. ಮೊಣಕಾಲು ಊದಿಸಿಕೊಂಡು ವಾಪಸು ಬಂದಳು. ಎರಡು ದಿನ ಮಲಗಿದ್ದು ಮೂರನೆಯ ದಿನ ಬೆಳಿಗ್ಗೆ ಮೈದಾನಕ್ಕೆ ಬಂದಳು. ಬೇಯಿಸಿದ ಮರಗೆಣಸು, ಮೆಣಸಿನಕಾಯಿ ಚಟ್ನಿ ಕೊಟ್ಟೆ.

"ಅಲ್ಲಿ ಮರಳು ಹೇಗಿತ್ತು?"

"ಬೆಳ್ಳಗಿತ್ತು. ಅಲ್ಲಿಯವ್ರು ಅಳೆದಾದ್ಮೇಲೆ ಎಳೀತಾರೆ."

"ಅನ್ನು ಅನ್ನು, ನಾಲಿಗೆಗೇನೂ ಊತ ಬಂದಿಲ್ಲ."

ಅವಳು ಕಲ್ಲಿನ ಕಡೆ ನೋಡಿದಳು. "ಅದನ್ನ ಸ್ವಲ್ಪ ದಿನ ತೆಗೆದಿಡ್ತೀರಾ ಚೇಡತ್ತಿ? ನೋಡಿದ್ರೇ ಕಾಲು ನೋಯುತ್ತೆ."

ತೆಗೆದಿಟ್ಟೆ. ಮತ್ತೆ ಇಡುವಾಗ ಜಾಗ ತಪ್ಪಬಾರದಲ್ಲ, ಅಲ್ಲೊಂದು ಸಣ್ಣ ಗೂಟ ಹೊಡೆದು ಮೇಲೆ ಮರಳು ಮುಚ್ಚಿದೆ.