ಹರಕೆಯ ಗಡ್ಡ

ಮೊನ್ನೆ ಹೊಸ ಆಮ್ಲಜನಕದ ಮಾಸ್ಕನ್ನು ಪೊಟ್ಟಣದಿಂದ ತೆಗೆದಾಗ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಮಾಗಳದ ಅಣ್ಣ ನೆನಪಾದ. ಅವನು ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ.

ಒಡಹುಟ್ಟಿದವನಲ್ಲ. ಅವರದು ಹೊಳೆದಂಡೆಯಲ್ಲಿ ಕುರಿ ಸಾಕುವ ಮನೆತನ, ನಮ್ಮದು ಹಡಗಲಿಯ ಮಲ್ಲಿಗೆ ತೋಟ. ನಕ್ಷೆಗಾಗಿ ಫೋಟೊ ತೆಗೆಯುವ ಪುಟ್ಟ ವಿಮಾನವನ್ನು ಅವನು ಒಬ್ಬನೇ ಹಾರಿಸುತ್ತಿದ್ದ. ನಮ್ಮಪ್ಪನ ಜತೆ ಜಗಳಾಡಿ ನನ್ನನ್ನೂ ಪೈಲಟ್ ತರಬೇತಿಗೆ ಸೇರಿಸಿದ. ನಿಯಮಗಳನ್ನು ಬಾಯಿಪಾಠ ಮಾಡಿಸಿದವನೂ ಅವನೇ. ಹತ್ತು ಸಾವಿರ ಅಡಿ ದಾಟಿ ಅರ್ಧ ಗಂಟೆ ಮೀರಿದರೆ ಆಮ್ಲಜನಕ ಬೇಕೇ ಬೇಕು, ಹದಿಮೂರು ಸಾವಿರ ದಾಟಿದರೆ ಒಂದು ನಿಮಿಷವೂ ಬಿಡುವಂತಿಲ್ಲ.

"ಗಾಳಿ ಕಮ್ಮಿ ಆದ್ರ ತ್ರಾಸ ಗೊತ್ತಾಗಂಗಿಲ್ಲ ತಂಗಿ, ಖುಷಿ ಆಗ್ತೈತಿ. ಆ ಖುಷೀನ ಕೊಲ್ಲೋದು," ಅನ್ನುತ್ತಿದ್ದ.

ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾದೆ. ತಂಗಿ ಪಾಸಾಗುವವರೆಗೆ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ, ಆಮೇಲೆ ಮೈಲಾರಲಿಂಗಪ್ಪನಿಗೆ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತ. ಗಡ್ಡ ಎದೆಗಿಳಿಯಿತು. ಅಂಥ ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಪಕ್ಕದಿಂದ ಸೋರುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಹಾರುವ ಮುನ್ನ ತಪಾಸಣೆ ಮಾಡುವ ಮಹಾಶಯ ಅಣ್ಣನ ಮುಖ ನೋಡಿಯೂ ಸಹಿ ಹಾಕುತ್ತಿದ್ದ. ಸಹಿ ಹಾಕಿದ ಆ ಕೈ ಸೇದಿಹೋಗಬೇಕಿತ್ತು.

ಆ ಬೆಳಿಗ್ಗೆ ಅಣ್ಣ ಮಾಸ್ಕಿನ ಪಟ್ಟಿಯನ್ನು ಎಳೆದೆಳೆದು ಬಿಗಿಯುತ್ತಿದ್ದ. ಎರಡೂ ಕೆನ್ನೆಯಲ್ಲಿ ಕೂದಲು ಹೊರಗಿತ್ತು. ನಾನು ಎದುರಿಗೇ ನಿಂತಿದ್ದೆ. ನನಗಾಗಿ ಬೆಳೆದ ಗಡ್ಡವದು, ತೆಗಿ ಎಂದು ಹೇಗೆ ಹೇಳುವುದು... ನಿಜ ಹೇಳಬೇಕೆಂದರೆ, ನನಗೆ ಹೆಮ್ಮೆಯಾಗಿತ್ತು.

ಹದಿನಾರು ಸಾವಿರ ಅಡಿಯಿಂದ ರೇಡಿಯೊದಲ್ಲಿ ಅವನ ನಗು ಕೇಳಿತು. ಕೆಳಗಿಳಿ ಎಂದು ನಿಲ್ದಾಣದ ರೇಡಿಯೊದವರು ಕೂಗಿಕೊಂಡರು. "ಯಾಕ್ರಿ? ಮ್ಯಾಲ ಭಾಳ ಚೊಲೊ ಐತಿ," ಅಂದ. ಮತ್ತೆ ನಕ್ಕ. ಆಮೇಲೆ ಏನೂ ಇಲ್ಲ... ವಿಮಾನ ಗುಡ್ಡದ ಮೇಲೆ ಸಿಕ್ಕಿತು.

ಮುಂದಿನ ಸಲ ನಾನು ಪಾಸಾದೆ. ಪತ್ರ ಹಿಡಿದು ಮಾಗಳಕ್ಕೆ ಹೋದಾಗ ಅವನ ತಾಯಿ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಆ ಗಡ್ಡ ತೆಗಿಯಪ್ಪಾ ಅಂತ ಒಬ್ಬರರ ಹೇಳಬಾರದಾಗಿತ್ತೇನವ್ವ?"

"ಯಾರೂ ನೋಡಿದ್ದಿಲ್ಲವ್ವ," ಅಂದೆ.

ಈಗ ಪ್ರತಿ ವರ್ಷ ಹೋಗುತ್ತೇನೆ. ಅವಳಿಗೆ ಮರೆವು ಹೆಚ್ಚಾಗಿದೆ, ಹೋದಾಗಲೆಲ್ಲ ಅದನ್ನೇ ಕೇಳುತ್ತಾಳೆ. ಹೋದ ವಾರವೂ ಕೇಳಿದಳು. ಯಾರೂ ನೋಡಿದ್ದಿಲ್ಲವ್ವ, ಅಂದೆ.