ಮಗಳು ಝಿದರ್ ನುಡಿಸಿದ ಮಧ್ಯಾಹ್ನ

೧೯೮೬ರಲ್ಲಿ, ಎಂಟನೇ ಇಯತ್ತೆ ಮುಗಿಯುವ ಮೊದಲೇ, ಶಾಲೆ ಬಿಟ್ಟೆ. ಧಾರವಾಡದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತವನು ಇಂದಿನವರೆಗೆ ಯಾರ ಮುಂದೆಯೂ ಕೈಚಾಚಿಲ್ಲ. ಲಂಡನ್ನಿಗೆ ಬಂದ ಮೇಲೂ ಹಿಟ್ಟೇ ನನಗೆ ಅನ್ನ ಹಾಕಿತು. ಪಾರ್ಕ್ ರಾಯಲ್‌ನ ಚಪಾತಿ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಯಂತ್ರಗಳ ನಡುವೆ ಇಪ್ಪತ್ತೊಂದು ವರ್ಷವಾಯಿತು. ಕಿವಿಗೆ ತುರುಕಿಕೊಳ್ಳಲು ಕೊಟ್ಟ ಸ್ಪಂಜಿನ ಬಿರಡೆಗಳು ನನ್ನ ಜೇಬಿನಲ್ಲೇ ಉಳಿದವು. ಯಂತ್ರದ ಸದ್ದು ದಪ್ಪಗಾದದ್ದನ್ನು ಕೇಳಿಯೇ ಹಿಟ್ಟು ಹದಕ್ಕೆ ಬಂತೆಂದು ಹೇಳುವವನು ನಾನು. ಬಿರಡೆ ಹಾಕಿಕೊಂಡರೆ ಅದು ತಿಳಿಯುವುದು ಹೇಗೆ?

ಹಾಗೆ ಕಿವಿ ಹೋಯಿತು. ಮೊದಲು ಕೀಲಿಕೈ ಗೊಂಚಲಿನ ಸದ್ದು, ಆಮೇಲೆ ಹೆಂಡತಿ ಒಲೆಯ ಕಡೆ ಮುಖ ಮಾಡಿ ಆಡುವ ಮಾತು. ನಮ್ಮ ಡಾಕ್ಟರು ಜಿಪಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಹೋದ ವರ್ಷ ಮಗಳು, ಎಜ್‌ವೇರ್‌ನ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ತನಗೊಂದು ಸೋಲೋ ಸಿಕ್ಕಿದೆ ಎಂದಳು. ಹತ್ತೊಂಬತ್ತನೇ ಶತಮಾನದ ಡೆನ್ಮಾರ್ಕಿನ ಫ್ಯಾಂಟೇಸಿಯಾ ಎಂಬ ವಾದ್ಯಕೃತಿ ಅದು. ಯಾರೋ ನಿದ್ದೆಹೋಗಿ, ಕನಸು ಕಂಡು, ಏಳುವ ಹಾಗೆ ಅದರ ನಡೆಯಂತೆ. ಅವಳು ಝಿದರ್ ಎಂದದ್ದು ನನಗೆ ಸಿತಾರ್ ಎಂದು ಕೇಳಿಸಿತು. ಚಿಕ್ಕಂದಿನಲ್ಲಿ ಅವಳಿಗೆ ಸಿತಾರ್ ಕಲಿಸಿದ್ದೆವು. ಬಿಳಿಯರ ವಾದ್ಯಗಳ ನಡುವೆ ನಮ್ಮ ಸಿತಾರ್ ಎಂದು ಕನ್ನಡದವರ ಕೂಟದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಒಂದು ಸೋಲೋ ಕೇಳಿಸಿದರೆ ಸಾಕು, ಮಿಕ್ಕ ಕಿವಿ ಹೋದರೂ ಹೋಗಲಿ ಎಂದುಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಮೊದಲ ಸಾಲಿನಲ್ಲೇ ಕೂತೆ. ಮಗಳ ಮುಂದೆ ಮೇಜಿನ ಮೇಲೆ ತಂತಿ ಬಿಗಿದ ಚಪ್ಪಟೆ ಹಲಗೆಯಂಥದ್ದೇನೋ ಇತ್ತು. ಸಿತಾರ್ ಆಮೇಲೆ ತರುತ್ತಾರೆ ಎಂದುಕೊಂಡೆ. ವಯೊಲಿನ್ನಿನ ಕಮಾನುಗಳು ಹಗುರಾಗಿ ಆಡಿದವು, ನಿಂತವು. ಎಲ್ಲರೂ ಸುಮ್ಮನಾದರು. ಮಗಳು ತಲೆ ಬಗ್ಗಿಸಿ ಹಲಗೆಯನ್ನು ಮೀಟುತ್ತಿದ್ದಳು. ಶ್ರುತಿ ಮಾಡುತ್ತಿದ್ದಾಳೆ ಎಂದುಕೊಂಡೆ.

"ಅಲ್ಲಾ, ಈಕಿ ಸಿತಾರ ಎಲ್ಲೈತಿ? ಯಾವಾಗ ಚಾಲೂ ಮಾಡ್ತಾಳ?" ಎಂದು ಹೆಂಡತಿಯನ್ನು ಕೇಳಿದೆ.

ಮೆಲ್ಲಗೆ ಕೇಳಿದ್ದೆನೆಂದೇ ನನ್ನ ಎಣಿಕೆ. ಸಭಾಂಗಣವೆಲ್ಲ ನನ್ನ ಕಡೆ ನೋಡಿತು. ಮಗಳ ಬೆರಳು ಒಂದು ಗಳಿಗೆ ನಿಂತು ಮತ್ತೆ ಹೊರಟಿತು.

ಆಮೇಲೆ ಕುಣಿತದ ಲಯ ಬಂತು. ಕಹಳೆ, ನಗಾರಿ ಸೇರಿ ಮೆರವಣಿಗೆಯ ಹಾಗೆ ಎದೆಗೆ ಬಡಿದವು. ಅದೆಲ್ಲ ನನಗೆ ಚೆನ್ನಾಗಿ ಕೇಳಿಸಿತು.

ಹೊರಗೆ ಕಾರಿನ ಹತ್ತಿರ ಹೆಂಡತಿ ನನ್ನ ಮುಖಕ್ಕೆ ಮುಖ ತಂದು ಹೇಳಿದಳು: "ಸಿತಾರ ಅಲ್ರೀ, ಝಿದರ್. ಆ ತಂತಿ ಹಲಗೀನ ಆಕಿ ವಾದ್ಯ. ಆಕಿ ಸೋಲೋನ ನಟ್ಟನಡುವ ಬಾಯಿ ಹಾಕಿದ್ರಿ. ಕಿವ್ಯಾಗ ಹಿಟ್ಟು ಕೂತೈತೇನು?"

"ಅಪ್ಪಾ, ಡಿಡ್ ಯು ಹಿಯರ್ ಎನಿ ಆಫ್ ಇಟ್?" ಎಂದಳು ಮಗಳು.

"ಕೇಳಿಸ್ತವ್ವಾ. ಭಾಳ ಛಲೋ ಇತ್ತು."

"ವಿಚ್ ಬಿಟ್?"

"ನಗಾರಿ ಬಂತಲ್ಲ, ಅದು."

ಅವಳು ಸಿಟ್ಟಾಗಲಿಲ್ಲ. ಮುಂದಿನ ಮಾತುಗಳನ್ನು ಬಾಯಿ ಅಗಲಿಸಿ, ಒಂದೊಂದಾಗಿ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದಳು. ನಲವತ್ತು ವರ್ಷ ದುಡಿದವನಿಗೆ ಅದಕ್ಕಿಂತ ಅವಮಾನ ಇನ್ನೇನಾಗಬೇಕು.

ಕಿವಿಗೆ ಯಂತ್ರ ಬರುವಷ್ಟರಲ್ಲಿ ಆರು ತಿಂಗಳಾಯಿತು. ಝಿದರ್ ಎರವಲಿನದು, ಅದರ ಮಾಲೀಕರಿಗೆ ಮರಳಿ ಹೋಗಿತ್ತು. ಯಾರೋ ಫೋನಿನಲ್ಲಿ ಹಿಡಿದ ಧ್ವನಿಮುದ್ರಣವನ್ನು ಮಗಳು ಹಾಕಿ ಕೊಟ್ಟಳು. ತಂತಿಯ ದನಿ ತಗಡು ಗೀರಿದ ಹಾಗಿತ್ತು. ಅದರ ಮೇಲೆ ನನ್ನ ಮಾತು ಮಾತ್ರ ಸ್ಪಷ್ಟ.

ಈಗ ಇರುವುದು ಇಷ್ಟು: ಎಡಗಿವಿ ಅರ್ಧ, ಹಿಯರಿಂಗ್ ಏಡ್ ಒಂದು, ಹೆಂಡತಿ, ಮಗಳು, ನಿವೃತ್ತಿಗೆ ಹದಿನಾಲ್ಕು ವರ್ಷ.