ನೋವು ಯಾವ ವಿಭಾಗಕ್ಕೆ ಸೇರುತ್ತದೆ?

ನಮ್ಮ ಮನೆಯಲ್ಲಿ ಈಗ ಯಾರಿಗೂ ನೆಮ್ಮದಿಯಾಗಿ ತಲೆನೋವು ಬರುವಂತಿಲ್ಲ. ಬಂದರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದಿರೋ, ನನ್ನ ಹೆಂಡತಿ ಗಿರಿಜೆ ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ಎದುರಿಗೆ ನಿಲ್ಲುತ್ತಾಳೆ. "ಯಾವ ಥರದ ನೋವು? ಸಿಡೀತಿದ್ಯಾ, ಕುಟ್ತಿದ್ಯಾ, ಹಿಂಡ್ತಿದ್ಯಾ, ಇಲ್ಲ ಬರೀ ಭಾರಾನಾ?" ನಾನು "ಏನೋ ಒಂಥರಾ" ಎಂದರೆ ಅವಳ ಮುಖ ಅರಳುತ್ತದೆ. 'ಒಂಥರಾ' ಎಂಬ ಮಾತಿಗೆ ಅವಳ ಮಹಾಪ್ರಬಂಧದಲ್ಲಿ ಪ್ರತ್ಯೇಕ ಜಾಗವೇ ಇದೆ. ಈ ವಿಚಾರಣೆಯೆಲ್ಲ ಮುಗಿದು ನನಗೆ ಮಾತ್ರೆ ಸಿಗುವ ಹೊತ್ತಿಗೆ ತಲೆನೋವು ತಾನೇ ಬೇಸತ್ತು ಹೊರಟುಹೋಗಿರುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನನ್ನ ಲೆಕ್ಕದಲ್ಲಿ ನೋವು ಇರುತ್ತದೆ, ಇಲ್ಲವೇ ಇರುವುದಿಲ್ಲ. ಗಿರಿಜೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳಿಗೆ ತಲೆ ನರೆಯಲು ಶುರುವಾದ ಮೇಲೆ ಪಿಎಚ್.ಡಿ. ಮಾಡುವ ಮನಸ್ಸಾಯಿತು. ಬೇರೆಯವರ ಹೆಂಡತಿಯರು ಹಳಗನ್ನಡದ ಯಾವುದೋ ಕಾವ್ಯವನ್ನು ಹಿಡಿದುಕೊಂಡು ಸದ್ದಿಲ್ಲದೆ ಮುಗಿಸುತ್ತಾರೆ. ಇವಳು ಆರಿಸಿಕೊಂಡ ವಿಷಯ 'ಮೈಸೂರು ಸೀಮೆಯ ಜನ ನೋವನ್ನು ಹೇಳಿಕೊಳ್ಳುವ ಬಗೆ'.

ವಿಷಯ ಕೇಳಿದ ಕೂಡಲೇ ವಿಶ್ವವಿದ್ಯಾನಿಲಯದಲ್ಲಿ ಒಂದು ಪುಟ್ಟ ಚೆಂಡಾಟ ಶುರುವಾಯಿತು. ಕನ್ನಡದವರು, ನೋವು ಅಂದಮೇಲೆ ಅದು ವೈದ್ಯರಿಗೆ ಸೇರಿದ್ದಲ್ಲವೇ ಎಂದರು. ವೈದ್ಯರು, ಪದಗಳು ಅಂದಮೇಲೆ ಅದು ಭಾಷೆಯವರಿಗೆ ಸೇರಿದ್ದು ಎಂದರು. ಸಮಾಜಶಾಸ್ತ್ರದವರು ಬಹಳ ಮರ್ಯಾದೆಯಿಂದ ಕೂರಿಸಿ, ಕಾಫಿ ತರಿಸಿ, ನಿಮ್ಮ ವಿಧಾನ ಯಾವುದು ಮೇಡಂ ಎಂದು ಕೇಳಿದರು. ಗಿರಿಜೆ "ಹೋಗಿ ಕೇಳೋದು" ಎಂದಳಂತೆ. ಅವರು ಕಾಫಿ ಮುಗಿಸಿದರು. ಕೊನೆಗೆ ಕನ್ನಡದ ಹಿರಿಯ ಪ್ರಾಧ್ಯಾಪಕರೊಬ್ಬರು ಅವಳಿಗೆ ಮಾರ್ಗದರ್ಶಕರಾಗಲು ಒಪ್ಪಿದರು. ಅವರಿಗೂ ಬೆನ್ನುನೋವಿತ್ತು, ಅದೇ ಕಾರಣ ಎಂದು ನನ್ನ ಊಹೆ.

ನಿಜ ಹೇಳುತ್ತೇನೆ, ಆಗ ನನಗೂ ಇದು ಸಂಶೋಧನೆ ಎನ್ನಿಸಿರಲಿಲ್ಲ. ಆದರೆ ಸ್ಕೂಟರ್ ಓಡಿಸುವ ಕೆಲಸ ನನ್ನದಾಗಿದ್ದರಿಂದ ಅಭಿಪ್ರಾಯ ಹೇಳುವ ಹಕ್ಕು ನನಗಿರಲಿಲ್ಲ. ದಟ್ಟಗಳ್ಳಿಯ ನಮ್ಮ ಮನೆಯಿಂದ ರಿಂಗ್ ರೋಡು ಹಿಡಿದು ಮೇಟಗಳ್ಳಿಗೆ ಹೋಗುವುದು. ಅಲ್ಲಿ ಫ್ಯಾಕ್ಟರಿಗಳ ಹಿಂದಿನ ಬೀದಿಯ ಒಂದು ಸಣ್ಣ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಡಾಕ್ಟರಿಗಾಗಿ ಕಾಯುವವರ ಜೊತೆ ಅವಳು ಮಾತಾಡುವುದು. ನಾನು ಹೊರಗೆ ಹೊಂಗೆಮರದ ಕೆಳಗೆ ಪೇಪರ್ ಓದುವುದು. ಪೇಪರ್ ಬೇಗ ಮುಗಿಯುತ್ತಿತ್ತು, ಹಾಗಾಗಿ ಕಿವಿ ಒಳಗೇ ಇರುತ್ತಿತ್ತು.

ಕೇಳುತ್ತಾ ಕೇಳುತ್ತಾ ನನಗೊಂದು ವಿಚಿತ್ರ ಹೊಳೆಯಿತು. ನಮ್ಮ ಭಾಷೆಯಲ್ಲಿ ರೋಗಕ್ಕೂ ಗುಣಕ್ಕೂ ನಡುವೆ ಗೋಡೆಯೇ ಇಲ್ಲ. ಹೊಟ್ಟೆಯುರಿ ಎಂದರೆ ಮಾತ್ರೆ ಕೊಡಬೇಕೋ ಬುದ್ಧಿ ಹೇಳಬೇಕೋ ತಿಳಿಯುವುದಿಲ್ಲ. ತಲೆ ತಿರುಗಿದವರನ್ನು ಕೆಲವೊಮ್ಮೆ ಮಲಗಿಸಬೇಕು, ಕೆಲವೊಮ್ಮೆ ದೂರ ಇಡಬೇಕು. ಜ್ವರ ಬಂದು ಬಾಯಿ ಕೆಟ್ಟವರಿಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಸಾಕು, ಸುಮ್ಮಸುಮ್ಮನೆ ಬಾಯಿ ಕೆಟ್ಟವರಿಗೆ ಔಷಧವಿಲ್ಲ.

ಅಲ್ಲಿನ ಡಾಕ್ಟರ್ ವಿಜಯಪುರದ ಕಡೆಯ ಹುಡುಗಿ. ಚುರುಕು, ಒಳ್ಳೆಯ ಮನಸ್ಸು, ಉಸಿರಾಡಲು ಬಿಡುವಿಲ್ಲದಷ್ಟು ಜನ. ಒಂದು ದಿನ ಪುಟ್ಟಮಾದಮ್ಮ ಎಂಬುವರು ಬಂದರು. ದಾರ ಸುತ್ತುವ ಕಾರ್ಖಾನೆಯಲ್ಲಿ ಕೆಲಸ. ತಿ. ನರಸೀಪುರದ ಕಡೆಯಿಂದ ಮದುವೆಯಾಗಿ ಬಂದು ಮೇಟಗಳ್ಳಿಯಲ್ಲೇ ಬೇರುಬಿಟ್ಟವರು. ಮೊಮ್ಮಕ್ಕಳನ್ನು ಕಂಡವರು. ಕೈ ಮುಂದೆ ಚಾಚಿಕೊಂಡು ಕೂತರು.

"ಬ್ಯಾನಿ ಯಾವಾಗಿಂದ ಐತ್ರೀ ಅಮ್ಮಾ?" ಎಂದು ಡಾಕ್ಟರ್ ಕೇಳಿದರು.

ಪುಟ್ಟಮಾದಮ್ಮ ದಿಗಿಲುಬಿದ್ದು ಸೆರಗು ಸರಿಮಾಡಿಕೊಂಡರು. "ಅಯ್ಯೋ, ಏನವ್ವಾ ಇಂಗಂತೀಯೆ! ನಂಗ್ಯಾಕೆ ಬೇನೆ ಬಂದದು ಈ ವಯಸ್ನಲ್ಲಿ? ಮೊಮ್ಮಕ್ಕಳು ಇಸ್ಕೂಲಿಗೋಯ್ತಾವೆ ಕಣವ್ವ!"

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ವಿಜಯಪುರದಲ್ಲಿ ಬ್ಯಾನಿ ಎಂದರೆ ಯಾವ ನೋವಾದರೂ ಆಯಿತು, ಮೇಟಗಳ್ಳಿಯಲ್ಲಿ ಬೇನೆ ಎಂದರೆ ಹೆರಿಗೆಯದು. ಡಾಕ್ಟರಿಗೂ ನಗು ಬಂತು. ಆ ನಗೆಯಲ್ಲಿ ಪುಟ್ಟಮಾದಮ್ಮನ ಮುಂದಿನ ಮಾತು ಕೊಚ್ಚಿಹೋಯಿತು. "ಕೈ ಸತ್ತೋಗಿ ಬುಡ್ತದೆ ಕಣವ್ವ" ಎಂದಿದ್ದರು ಅವರು. ಡಾಕ್ಟರ್ ಅದನ್ನು ಕೈ ಸೋಲುವುದು, ಸುಸ್ತು ಎಂದು ತಿಳಿದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಹಿಂದೆ ಇನ್ನೂ ಒಂದು ಸಾಲು ಜನ ಕಾದಿದ್ದರು.

ಹೊರಗೆ ಹೊಂಗೆಮರದ ಕೆಳಗೆ ಗಿರಿಜೆ ಅವರನ್ನು ಕೂರಿಸಿಕೊಂಡು ಮತ್ತೆ ಕೇಳಿದಳು, ಸತ್ತುಹೋಗುವುದು ಅಂದರೆ ಹೇಗೆ ಎಂದು. ಪುಟ್ಟಮಾದಮ್ಮ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಎಂಗೆ ಯೋಳನವ್ವ? ಬೆಳಗಾನೆ ಕಣ್ಬುಟ್ರೆ, ಯಾರ್ದೋ ಕೈಯ ತಂದು ನನ್ ಪಕ್ಕದಲ್ಲಿ ಮಡಗವ್ರೆ ಅನ್ನಂಗಾಯ್ತದೆ. ಕೊಡವಿ ಕೊಡವಿ, ನಂದು ಅಂತ ಮಾಡ್ಕೋಬೇಕು."

ನಾನು ಪೇಪರ್ ಮಡಿಸಿಟ್ಟೆ. ಒಂದೇ ಸಮನೆ ಬರೆದುಕೊಳ್ಳುತ್ತಿದ್ದ ಗಿರಿಜೆಯ ಕಣ್ಣು ಹೊಳೆಯುತ್ತಿತ್ತು. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಆ ಮಾತನ್ನೇ ಹೇಳಿಕೊಳ್ಳುತ್ತಿದ್ದಳು. "ಕೇಳಿದ್ರಾ? ನಂದು ಅಂತ ಮಾಡ್ಕೋಬೇಕು ಅಂದ್ರು ಕಣ್ರೀ! ಎಂಥಾ ಮಾತು!"

ಅದಾದ ಕೆಲವು ವಾರಕ್ಕೆ ವಿಶ್ವವಿದ್ಯಾನಿಲಯದಲ್ಲಿ ಎಲ್ಲ ವಿಭಾಗಗಳ ಸಂಶೋಧಕರೂ ಸೇರುವ ಸಮಾವೇಶ ನಡೆಯಿತು. ಗಂಡಂದಿರಿಗೂ ಊಟವಿದೆ ಎಂದಿದ್ದರಿಂದ ನಾನೂ ಹೋದೆ. ಅಂಥ ಜಾತ್ರೆಯನ್ನು ನಾನು ಹಿಂದೆ ನೋಡಿರಲಿಲ್ಲ. ಒಂದು ಕೋಣೆಯಲ್ಲಿ ವಯಸ್ಸಾದವರು ಬಚ್ಚಲಲ್ಲಿ ಏಕೆ ಜಾರುತ್ತಾರೆ ಎಂಬ ಚರ್ಚೆ. ಪಕ್ಕದಲ್ಲಿ ಶಾಸನವೊಂದರ ಸವೆದ ಅಕ್ಷರ 'ಳ'ವೋ 'ಱ'ವೋ ಎಂದು ಇಬ್ಬರು ಹೆಚ್ಚುಕಡಿಮೆ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಅದರಾಚೆ, ಸಿಟಿ ಬಸ್ಸಿನಲ್ಲಿ ಅಪರಿಚಿತರು ಯಾವ ವಿಷಯದಿಂದ ಮಾತು ಶುರುಮಾಡುತ್ತಾರೆ ಎಂದು ಒಬ್ಬ ಹುಡುಗ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸುತ್ತಿದ್ದ. ನಾನು ಮೊದಲ ಕೋಣೆಯಲ್ಲಿ ನಕ್ಕೆ, ಎರಡನೆಯದರಲ್ಲಿ ತೂಕಡಿಸಿದೆ, ಮೂರನೆಯದರಲ್ಲಿ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಆಮೇಲೆ ಯೋಚಿಸಿದರೆ, ನಕ್ಕಿದ್ದು ತಪ್ಪು ಅನ್ನಿಸಿತು. ನಮ್ಮ ಬಚ್ಚಲ ಕಲ್ಲೂ ನುಣುಪಾಗಿಯೇ ಇದೆ.

ಮಧ್ಯಾಹ್ನ ಗಿರಿಜೆಯ ಸರದಿ. ಚೆನ್ನಾಗಿ ಮಾತಾಡಿದಳು. ಕೊನೆಯಲ್ಲಿ ಪುಟ್ಟಮಾದಮ್ಮನ ಆ ವಾಕ್ಯವನ್ನು ಅವರದೇ ಧಾಟಿಯಲ್ಲಿ ಹೇಳಿದಾಗ ಸಭೆಯಲ್ಲಿ "ಆಹಾ" ಎಂಬ ಸದ್ದು ಎದ್ದಿತು. ಹಿರಿಯರೊಬ್ಬರು, ಇದು ಅಪ್ಪಟ ರೂಪಕ ಎಂದು ತಲೆದೂಗಿದರು. ಇನ್ನೊಬ್ಬರು, ರೂಪಕವಲ್ಲ, ಉಪಮೆ ಎಂದರು. ಅದರ ಮೇಲೆ ಸ್ವಲ್ಪ ಹೊತ್ತು ಹೋಯಿತು. ಹೆಂಡತಿಯ ಬಗ್ಗೆ ಹೆಮ್ಮೆಪಡುತ್ತಾ ನಾನೂ ಜೋರಾಗಿ ಚಪ್ಪಾಳೆ ಹೊಡೆದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಹೆಸರು ಮಂಜುಳಾ, ಸಮಾಜಶಾಸ್ತ್ರದ ಸಂಶೋಧಕಿ, ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಕೆಲಸ ಮಾಡುತ್ತಿದ್ದೇನೆ ಎಂದು ಪರಿಚಯ ಹೇಳಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಮೇಡಂ, ಆ ಕೈ ಈಗ ಹೇಗಿದೆ?"

ಗಿರಿಜೆ ತನ್ನ ಹಾಳೆಗಳನ್ನು ತಿರುವಿ ನೋಡಿದಳು. ಹೊಸ ಹೊಸ ಪದಗಳ ಹಿಂದೆ ಬೇರೆ ಬೇರೆ ಬೀದಿಗಳನ್ನು ಸುತ್ತುತ್ತಾ, ಅವಳು ಪುಟ್ಟಮಾದಮ್ಮನನ್ನು ಮತ್ತೆ ನೋಡಿರಲೇ ಇಲ್ಲ. "ಗೊತ್ತಿಲ್ಲ" ಎಂದಳು. ಹುಡುಗಿ ಕುಹಕಕ್ಕೆ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ಅದಕ್ಕೇ ಅದು ಹೆಚ್ಚು ನಾಟಿತು.

ಮನೆಗೆ ಬಂದವಳು ಟಿಪ್ಪಣಿಗಳ ಚೀಲವನ್ನು ಮೂಲೆಗಿಟ್ಟು, "ಸಾಕು ಕಣ್ರೀ, ಇದನ್ನ ಬಿಟ್ಬಿಡ್ತೀನಿ" ಎಂದಳು. "ಅವರು ಕೈ ತೋರಿಸ್ತಿದ್ರು, ನಾನು ಬಾಯಿ ನೋಡ್ತಿದ್ದೆ." ನಾನು ಸಮಾಧಾನ ಹೇಳಲು ಹೋಗಿ, ನೀನೇನು ಡಾಕ್ಟರೇ ಎಂದೆ. ಅದು ಸಮಾಧಾನವಾಗಲಿಲ್ಲ. ಮರುದಿನ ಬೆಳಿಗ್ಗೆ ಸ್ಕೂಟರಿನ ಬೀಗದ ಕೈಯನ್ನು ಅವಳ ಮುಂದಿಟ್ಟೆ. ಗಣಿತದವರಿಗೆ ಕೆಲವೊಮ್ಮೆ ಮಾತಿಗಿಂತ ಇದು ಸುಲಭ.

ಪುಟ್ಟಮಾದಮ್ಮ ಮನೆಯಲ್ಲೇ ಇದ್ದರು. ಜಗಲಿಯ ಮೇಲೆ ಕೂತು, ರವಿಕೆಯ ಗುಂಡಿಯನ್ನು ಸೊಸೆಯ ಕೈಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ನಾಚಿಕೊಂಡರು. ಬಲಗೈಯ ಬೆರಳು ಹಿಡಿತಕ್ಕೇ ಬರುತ್ತಿಲ್ಲ, ಈಗ ಎಡಗೈಗೂ ಅದೇ ಶುರುವಾಗಿತ್ತು. ಕಾರ್ಖಾನೆಯಲ್ಲಿ ದಾರದ ಉಂಡೆಗಳು ಕೈಜಾರಿ ಬೀಳುತ್ತಿದ್ದವು. ವಾಸಿ ಮಾಡಿಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದು ಮೇಲಿನವನು ಕಳಿಸಿದ್ದ.

"ನೀವು ಅವತ್ತು ಅಷ್ಟೊಂದು ಬರ್ಕಂಡ್ರಲ್ಲ ಕಣವ್ವ," ಎಂದರು ಪುಟ್ಟಮಾದಮ್ಮ, ಆಕ್ಷೇಪಣೆಯ ದನಿಯೇ ಇಲ್ಲದೆ. "ನಾನು, ಅದ್ಕೆ ಏನಾರಾ ಮದ್ದು ಬತ್ತದೆ ಅಂತ ಕಾಯ್ತಿದ್ದೆ."

ಗಿರಿಜೆಯ ಮುಖವನ್ನು ನಾನು ನೋಡಲಿಲ್ಲ. ಅವರ ಕೈ ಹಿಡಿದು, ಏಳಿ ಹೋಗೋಣ ಎಂದಳು. ಕ್ಲಿನಿಕ್ಕಿನಲ್ಲಿ ಇಬ್ಬರೂ ಜೊತೆಯಾಗಿ ಒಳಗೆ ಹೋದರು, ನನ್ನನ್ನೂ ಯಾರೂ ತಡೆಯಲಿಲ್ಲ. ಗಿರಿಜೆ ಮೇಟಗಳ್ಳಿಯ ಮಾತನ್ನು ವಿಜಯಪುರಕ್ಕೆ ದಾಟಿಸಿದಳು. ಸುಸ್ತಲ್ಲ ಡಾಕ್ಟರೇ, ಸ್ಪರ್ಶವೇ ಇಲ್ಲ. ಬೆಳಗಿನ ಹೊತ್ತು ಜಾಸ್ತಿ. ಕೊಡವಿದರೆ ಸ್ವಲ್ಪ ವಾಪಸು ಬರುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಆಗಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು. "ಜೋಮ್ ಹಿಡದ್ಹಂಗ ಏನ್ರಿ? ಅಯ್ಯ ಶಿವನ, ಇದನ್ನ ಮೊದ್ಲ ತಿಳಕೋಬೇಕಿತ್ತ ನಾನು!" ಎಂದು ಮಣಿಕಟ್ಟನ್ನು ಬಾಗಿಸಿ ಹಿಡಿದರು, ಬೆರಳಿನಿಂದ ಮೆಲ್ಲಗೆ ತಟ್ಟಿದರು. ಪುಟ್ಟಮಾದಮ್ಮ ಹೌಹಾರಿದರು, "ಅದೇ ಕಣವ್ವ, ಅದೇ!" ಮಣಿಕಟ್ಟಿನ ಹತ್ತಿರ ನರವೊಂದು ಒತ್ತಿಹೋಗಿದೆ, ದಿನವಿಡೀ ಒಂದೇ ರೀತಿ ಕೈ ತಿರುಗಿಸುವವರಿಗೆ ಹೀಗಾಗುವುದುಂಟು ಎಂದರು ಡಾಕ್ಟರ್. ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ, ದೊಡ್ಡಾಸ್ಪತ್ರೆಯಲ್ಲಿ ಒಂದು ಪರೀಕ್ಷೆ, ಮುಖ್ಯವಾಗಿ ಆ ಕೆಲಸದಿಂದ ಕೈಗೆ ವಿರಾಮ.

ಎಲ್ಲ ಅರ್ಥವಾಯಿತು, ವಿರಾಮ ಎಂಬ ಒಂದು ಪದ ಬಿಟ್ಟು. ಅದು ವಿಜಯಪುರದ ಕನ್ನಡವೂ ಅಲ್ಲ, ಮೇಟಗಳ್ಳಿಯದೂ ಅಲ್ಲ. "ಕೆಲ್ಸ ಬುಟ್ರೆ ಉಣ್ಣದೇನು?" ಎಂದು ಪುಟ್ಟಮಾದಮ್ಮ ಕೇಳಿದರು. ಡಾಕ್ಟರ್ ಗಿರಿಜೆಯ ಮುಖ ನೋಡಿದರು, ಗಿರಿಜೆ ನನ್ನ ಮುಖ ನೋಡಿದಳು. ನನಗೆ ಆಗ ಹೊಳೆದದ್ದು ಹಿಂದಿನ ಸಾಲಿನ ಆ ಹುಡುಗಿ.

ಕರೆದ ಕೂಡಲೇ ಮಂಜುಳಾ ಬಂದಳು. ಕಾರ್ಖಾನೆಯೊಳಗೆ ಯಾರ ಹತ್ತಿರ ಹೋಗಬೇಕು, ಯಾರ ಹತ್ತಿರ ಹೋಗಬಾರದು ಎಂಬುದೆಲ್ಲ ಅವಳ ಅಧ್ಯಯನದ ವಿಷಯವೇ ಆಗಿತ್ತು. ಗಿರಿಜೆ ನೋವಿನ ಬಗ್ಗೆ ಮನಮುಟ್ಟುವಂತೆ ಮಾತಾಡಲು ಸಿದ್ಧವಾಗಿದ್ದಳು. ಮಂಜುಳಾ ತಡೆದಳು. "ಬೇಡ ಮೇಡಂ. ನೋವು ಅಂದ್ರೆ ಸಂಬಳ ಇಲ್ಲದ ರಜಾ ಕೊಟ್ಬಿಡ್ತಾರೆ. ಜಾಗ ಬದಲಾಯಿಸಿ ಅಂತ ಕೇಳೋಣ." ಡಾಕ್ಟರ್ ಚೀಟಿ ಬರೆದುಕೊಟ್ಟರು. ಮಂಜುಳಾ ಮೇಲಿನವನ ಎದುರು ಕೂತು, ಇಷ್ಟು ವರ್ಷ ಪಳಗಿದ ಕಣ್ಣು ನಿಮಗೆಲ್ಲಿ ಸಿಗುತ್ತದೆ, ದಾರದ ಬಣ್ಣದ ಹೆಚ್ಚುಕಡಿಮೆಯನ್ನು ದೂರದಿಂದಲೇ ಹೇಳುತ್ತಾರಂತೆ ಎಂದಳು. ಅವನು ಸ್ವಲ್ಪ ಗೊಣಗಿ, ಪುಟ್ಟಮಾದಮ್ಮನನ್ನು ಬಣ್ಣ ನೋಡಿ ಬೇರ್ಪಡಿಸುವ ಮೇಜಿಗೆ ಹಾಕಿದ.

ಎಡಗೈ ಪಟ್ಟಿಯಲ್ಲೇ ಸುಧಾರಿಸಿತು. ಬಲಗೈಗೆ ಚಿಕ್ಕದೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕನ್ನಡ ವಿಭಾಗವೂ ಸಮಾಜಶಾಸ್ತ್ರ ವಿಭಾಗವೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದವು. ನಾನು ಚಮಚ ಮರೆತು ಬಂದಿದ್ದಕ್ಕೆ ಎರಡೂ ವಿಭಾಗಗಳಿಂದ ಬೈಸಿಕೊಂಡೆ.

ಗಿರಿಜೆ ಚೀಲವನ್ನು ಮತ್ತೆ ಮೂಲೆಯಿಂದ ತೆಗೆದಳು. ಈ ಸಲ ಅವಳು ಬರೆದ ಅಧ್ಯಾಯಗಳಲ್ಲಿ ನೋವಿನ ಪ್ರತಿ ಮಾತಿನ ಜೊತೆಗೆ, ಅದನ್ನು ಕೇಳಿದವರು ಏನೆಂದುಕೊಂಡರು, ಆಮೇಲೆ ಏನಾಯಿತು ಎಂಬುದೂ ಇತ್ತು. ಅದಕ್ಕಾಗಿ ಹಳೆಯ ಬೀದಿಗಳನ್ನೆಲ್ಲ ಮತ್ತೆ ಸುತ್ತಿದೆವು. ಸ್ಕೂಟರಿನ ಟೈರು ಬದಲಾಯಿಸಬೇಕಾಯಿತು. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು, ಇದನ್ನು ಗ್ರಂಥಾಲಯದಲ್ಲಿ ಯಾವ ಕಪಾಟಿಗೆ ಇಡಬೇಕಮ್ಮಾ ಎಂದು ಕೇಳಿದರು. ಗಿರಿಜೆ "ಕೈಗೆ ಸಿಗೋ ಕಡೆ ಇಡಿ ಸರ್" ಎಂದಳು. ಪದವಿ ಕೊಟ್ಟರು.

ಅವಳಿಗೆ ಡಾಕ್ಟರೇಟ್ ಬಂದ ಮೇಲೆ ನನಗೂ ಸಂಶೋಧನೆಯ ಬಗ್ಗೆ ಒಂದು ಗೌರವ ಬಂದಿದೆ. ಜಗತ್ತಿನಲ್ಲಿ ಯಾರೋ ಒಬ್ಬರು ಸವೆದ 'ಱ'ಕಾರಕ್ಕಾಗಿ ಜಗಳವಾಡುತ್ತಿದ್ದಾರೆ, ಯಾರೋ ಒಬ್ಬರು ಜಾರುವ ಬಚ್ಚಲನ್ನು ನೋಡುತ್ತಾ ಕೂತಿದ್ದಾರೆ ಎಂಬುದು ಈಗ ನನಗೆ ತಮಾಷೆಯಾಗಿ ಕಾಣುವುದಿಲ್ಲ. ನಮ್ಮ ಬದುಕಿನ ಯಾವ ತುಣುಕು ಯಾವಾಗ ಯಾರ ಕೋಣೆಯಲ್ಲಿ ಬೇಕಾಗುತ್ತದೋ ಹೇಳುವುದು ಕಷ್ಟ.

ಕಳೆದ ಭಾನುವಾರ ಮಹಾಪ್ರಬಂಧದ ಒಂದು ಪ್ರತಿಯನ್ನು ಹಿಡಿದುಕೊಂಡು ಪುಟ್ಟಮಾದಮ್ಮನ ಮನೆಗೆ ಹೋದೆವು. ಮೈಸೂರುಪಾಕೂ ಒಯ್ದಿದ್ದೆವು. ಅವರು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೆಲ್ಲಾ ಬರೀ ನೋವಾ?"

"ಹೂಂ ಪುಟ್ಟಮಾದಮ್ಮ, ನಿಮ್ಮದೂ ಇದೆ," ಎಂದಳು ಗಿರಿಜೆ.

"ಇಷ್ಟು ದಪ್ಪ ಆಗಂಗೆ ಯೋಳ್ಕಂಡವ್ರಾ ಎಲ್ರೂವೆ?" ಎಂದು ಅವರು ಬೆರಗಾದರು. ಮೈಸೂರುಪಾಕಿನ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ಹೊರಡುತ್ತೇವೆ ಎಂದು ಎದ್ದೆವು. ನಾನು ಸ್ಕೂಟರ್ ಚಾಲೂ ಮಾಡಿದ್ದೆ, ಗಿರಿಜೆ ಹಿಂದೆ ಕೂತೂ ಆಗಿತ್ತು. ಆಗ ಪುಟ್ಟಮಾದಮ್ಮ ಬಾಗಿಲಿಗೆ ಬಂದು ಕೂಗಿ ಹೇಳಿದರು.

"ಅಲ್ಲಾ ಕಣವ್ವ, ಬರೀ ಕೈದಾಯ್ತು. ಮಂಡಿದು ನಾನಿನ್ನೂ ಯೋಳೇ ಇಲ್ವಲ್ಲಾ!"

ಹಿಂದಿನಿಂದ ಗಿರಿಜೆ ನನ್ನ ಭುಜ ತಟ್ಟಿದಳು. ನಾನು ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿದೆ.